ಬ್ಯಾಕಪ್ ಉಂಟು

ನಮ್ಮ ಮಂಗಳೂರಿನ ಕನ್ನಡದಲ್ಲಿ ‘ಉಂಟು’ ಎನ್ನುವಷ್ಟು ಮೋಸದ ಶಬ್ದ ಇನ್ನೊಂದಿಲ್ಲ. ಹೋಟೆಲಿನಲ್ಲಿ ನೀರುದೋಸೆ ಉಂಟಾ ಎಂದರೆ ಉಂಟು ಎನ್ನುತ್ತಾರೆ. ಅರ್ಧ ಗಂಟೆ ಕೂತ ಮೇಲೆ ಹಿಟ್ಟು ಮುಗಿದಿದೆ ಎಂದು ಗೊತ್ತಾಗುತ್ತದೆ. ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಸಿಟ್ಟು ಹೋಟೆಲಿನವರ ಮೇಲಲ್ಲ, ನನ್ನ ಮೇಲೆ.

ಬಲ್ಮಠದ ಒಂದು ಕೋಣೆಯಲ್ಲಿ ಕೂತು ಸಣ್ಣಪುಟ್ಟ ವೆಬ್‌ಸೈಟುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅವುಗಳಲ್ಲಿ ಒಂದು, ಹೈಸ್ಕೂಲಿನಲ್ಲಿ ನನಗೆ ಪಾಠ ಹೇಳಿದ ಟೀಚರದ್ದು. ಅವರ ಮನೆಮಾತು ಕೊಂಕಣಿ. ನಿವೃತ್ತರಾದ ಮೇಲೆ ಹನ್ನೊಂದು ವರ್ಷ ಕೂತು, ಒಂದೇ ಬೆರಳಿನಲ್ಲಿ ಟೈಪ್ ಮಾಡಿ, ಕೊಂಕಣಿ ಶಬ್ದಕೋಶ ಕಟ್ಟಿದ್ದರು. ಶಬ್ದ ಕನ್ನಡ ಲಿಪಿಯಲ್ಲಿ. ಅರ್ಥ ಇಂಗ್ಲಿಷಿನಲ್ಲಿ, ದುಬೈಯಲ್ಲಿ ಬೆಳೆದ ಮೊಮ್ಮಕ್ಕಳಿಗೂ ತಿಳಿಯಲಿ ಎಂದು. ಕಾಗದದ ಪ್ರತಿ ಇರಲಿಲ್ಲ. ನೇರವಾಗಿ ಸೈಟಿಗೇ ಬರೆಯಿರಿ ಎಂದು ಹೇಳಿಕೊಟ್ಟವನು ನಾನೇ.

ಸೈಟು ಇದ್ದದ್ದು ಯಾವುದೋ ದೂರದ ಊರಿನ ಸರ್ವರಿನಲ್ಲಿ. ಅದರ ಆಪರೇಟಿಂಗ್ ಸಿಸ್ಟಮ್ ಹಳತಾಗಿತ್ತು. ಇನ್ನು ಮುಂದೆ ಅದಕ್ಕೆ ಸುರಕ್ಷತೆಯ ಅಪ್‌ಡೇಟ್ ಬರುವುದಿಲ್ಲ ಎಂದು ಎಚ್ಚರಿಕೆಯ ಮೇಲ್‌ಗಳು ಬರುತ್ತಿದ್ದವು. ಓಡುತ್ತಿರುವ ಸರ್ವರನ್ನೇ ಇಲ್ಲಿಂದ ಅಪ್‌ಗ್ರೇಡ್ ಮಾಡಹೊರಟರೆ ಕೂತ ಕೊಂಬೆಯನ್ನೇ ಕಡಿದ ಹಾಗೆ. ಮಧ್ಯೆ ಕರೆಂಟು ಹೋದರೆ, ಲೈನ್ ಕಡಿದರೆ, ಕತೆ ಮುಗಿಯಿತು. ಹಾಗಾಗಿ ಬುದ್ಧಿವಂತರ ದಾರಿ ಹಿಡಿದೆ. ಹೊಸ ಸಿಸ್ಟಮ್ ಇರುವ ಇನ್ನೊಂದು ಸರ್ವರ್ ಸಿದ್ಧಮಾಡುವುದು, ಬ್ಯಾಕಪ್ಪಿನಿಂದ ಎಲ್ಲವನ್ನೂ ಅದಕ್ಕೆ ತುಂಬುವುದು, ಸರಿಯಾದ ಮೇಲೆ ಹಳೆಯದನ್ನು ಅಳಿಸುವುದು.

ಟೀಚರಿಗೆ ಫೋನ್ ಮಾಡಿದೆ.

“ಎಂತ, ಏನಾದರೂ ಹೋಗ್ತದಾ?” ಎಂದು ಕೇಳಿದರು.

“ಇಲ್ಲ ಟೀಚರ್. ಬ್ಯಾಕಪ್ ಉಂಟು.”

“ಉಂಟಲ್ಲ? ಹಾಗಾದರೆ ಮಾಡು ಮಾರಾಯ.”

ಉಂಟು ಎಂದದ್ದು ಸುಳ್ಳಲ್ಲ. ಪ್ರತಿ ಭಾನುವಾರ ಇಡೀ ಸೈಟಿನ ನಕಲು ಒಂದು ಫೈಲಾಗಿ ತನ್ನಷ್ಟಕ್ಕೆ ನನ್ನ ಕಂಪ್ಯೂಟರಿಗೆ ಬಂದು ಕೂರುತ್ತಿತ್ತು. ಗಾತ್ರವೂ ಸರಿಯಾಗಿ ಕಾಣುತ್ತಿತ್ತು. ಒಂದು ದಿನವೂ ನಾನು ಅದನ್ನು ತೆರೆದು ನೋಡಿರಲಿಲ್ಲ.

ಹೊಸ ಸರ್ವರಿನಲ್ಲಿ ಇಂಗ್ಲಿಷಿನ ಮುಖಪುಟ ಚೆನ್ನಾಗಿ ತೆರೆಯಿತು, ಟೀಚರ ಫೋಟೊ ಕಾಣಿಸಿತು. ಅಷ್ಟಕ್ಕೇ ಸಮಾಧಾನಪಟ್ಟು, ಮಧ್ಯಾಹ್ನದ ಊಟಕ್ಕೆ ಮೊದಲೇ ಹಳೆಯ ಸರ್ವರನ್ನು ಅಳಿಸಿಬಿಟ್ಟೆ. ಯಾವ ಅವಸರ ಇತ್ತು ನನಗೆ? ಈಗಲೂ ಕೇಳಿಕೊಳ್ಳುತ್ತೇನೆ. ಒಂದು ವಾರ ಬಿಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು?

ಸಂಜೆ ಟೀಚರ ಫೋನ್ ಬಂತು. “ಇದೆಂತ ಮಾರಾಯ, ಎಲ್ಲ ಕಡೆ ಪ್ರಶ್ನೆಚಿಹ್ನೆ!”

ತೆರೆದು ನೋಡಿದೆ. ಇಂಗ್ಲಿಷ್ ಅರ್ಥಗಳೆಲ್ಲ ಇದ್ದಲ್ಲೇ ಇದ್ದವು. ಕೊಂಕಣಿ ಶಬ್ದಗಳ ಜಾಗದಲ್ಲಿ ಮಾತ್ರ ಸಾಲುಸಾಲು ಪ್ರಶ್ನೆಚಿಹ್ನೆ. ಬ್ಯಾಕಪ್ ತೆಗೆಯುವ ಆದೇಶದಲ್ಲಿ ಲಿಪಿಯ ಒಂದು ಆಯ್ಕೆಯನ್ನು ನಾನು ತಪ್ಪಾಗಿ ಬರೆದಿದ್ದೆ. ಕನ್ನಡ ಅಕ್ಷರ ಬಂದಲ್ಲೆಲ್ಲ ಅದು ಪ್ರಶ್ನೆಚಿಹ್ನೆ ಹಾಕಿಟ್ಟಿತ್ತು. ಹಿಂದಿನ ವಾರದ್ದು ತೆರೆದೆ, ಹಿಂದಿನ ವರ್ಷದ್ದು ತೆರೆದೆ. ಎಲ್ಲವೂ ಹಾಗೇ. ಸರ್ವರ್ ಕಂಪನಿಯವರು ಅಳಿಸಿದ್ದು ಮರಳಿ ಬರುವುದಿಲ್ಲ ಎಂದರು. ಹಳೆಯ ವೆಬ್‌ಪುಟಗಳನ್ನು ಕೂಡಿಡುವ ತಾಣದಲ್ಲಿ ಹುಡುಕಿದರೆ ಮುಖಪುಟ ಮಾತ್ರ ಸಿಕ್ಕಿತು. ಈಗ ನನ್ನ ಬ್ಯಾಕಪ್‌ಗಳನ್ನೆಲ್ಲ ತೆರೆದು ಓದಿ ನೋಡುತ್ತೇನೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಮರುದಿನ ಬೆಳಿಗ್ಗೆ ಕಂಕನಾಡಿಯ ಅವರ ಮನೆಗೆ ಹೋದೆ. ಬೈಗುಳ ತಿನ್ನುವುದಕ್ಕೆಂದೇ ಹೋದದ್ದು. ಅವರು ಬೈಯಲಿಲ್ಲ. ಆ ಪ್ರಶ್ನೆಚಿಹ್ನೆಗಳ ಪಟ್ಟಿಯನ್ನು ಪ್ರಿಂಟ್ ಹಾಕಿ ತರಲು ಫೋನಿನಲ್ಲೇ ಹೇಳಿದ್ದರು. ಅದನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಏರಿಸಿ, ಪೆನ್ಸಿಲಿನಿಂದ ಎಣಿಸತೊಡಗಿದರು.

“ನೋಡು, ಅಕ್ಷರಕ್ಕೊಂದು, ಗುಣಿತಕ್ಕೊಂದು, ಅರ್ಧಾಕ್ಷರದ ಗುರುತಿಗೊಂದು, ಸೊನ್ನೆಗೊಂದು ಚಿಹ್ನೆ ಬಿದ್ದಿದೆ. ಇಲ್ಲಿ ಅರ್ಥ ಗಂಜಿ, ಚಿಹ್ನೆ ನಾಲ್ಕು. ಪ, ಏತ್ವ, ಜ, ಅರ್ಧದ ಗುರುತು: ‘ಪೇಜ್’. ಬರೆದುಕೋ.”

ಪದಬಂಧ ಬಿಡಿಸಿದ ಹಾಗೆ ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ವಾರಕ್ಕೆ ಮೂರು ದಿನ, ಇದು ಐದನೆಯ ತಿಂಗಳು. ಸುಮಾರು ಅರ್ಧ ಆಗಿದೆ. ಅವರಿಗೆ ಎಪ್ಪತ್ತೆಂಟು. ಒಮ್ಮೊಮ್ಮೆ ಒಂದೇ ಸಾಲಿನ ಮುಂದೆ ಇಪ್ಪತ್ತು ನಿಮಿಷ ಕೂರುತ್ತಾರೆ. ಆಗ ನನಗೆ ನನ್ನ ಕೈಬೆರಳುಗಳನ್ನೇ ಮುರಿದು ಹಾಕಬೇಕು ಅನ್ನಿಸುತ್ತದೆ.

ಮೊನ್ನೆ ನಾನು ಕೋಣೆಯಲ್ಲಿದ್ದಾಗ ಫೋನ್ ಮಾಡಿದರು. ‘ಹೊರಟೆ ಹೊರಟೆ ಎಂದು ಬಾಗಿಲಲ್ಲೇ ನಿಂತು ಮುಗಿಸದೆ ಆಡುವ ಮಾತು’, ಇದು ಅರ್ಥ. ಒಂಬತ್ತು ಪ್ರಶ್ನೆಚಿಹ್ನೆ.

“ನಮ್ಮ ಅತ್ತೆ ಹೇಳ್ತಿದ್ದ ಶಬ್ದ. ಅವರು ತೀರಿಹೋಗಿ ಆರು ವರ್ಷ ಆಯ್ತು. ತಂಗಿಗೆ ಗೊತ್ತಿಲ್ಲ, ನಮ್ಮ ಪಾದ್ರಿಗಳಿಗೂ ಗೊತ್ತಿಲ್ಲ. ಇನ್ನು ಯಾರನ್ನು ಕೇಳುವುದು? ನೀನೇ ಹೇಳು.”

ಆಚೆ ಕಡೆ ಅವರು ಕಾಯುತ್ತಿದ್ದರು. ನೋಡಿಕೊಂಡರೆ, ತರಗತಿಯಲ್ಲಿ ಉತ್ತರ ಬಾರದವನ ಹಾಗೆ ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ.