ನಾನು ನುಂಗಿದ ಮೂರು ಪದ

ಬುಧವಾರ ಬೆಳಿಗ್ಗೆ ಏಳೂವರೆಗೆ ಶಹಾಬಾದ್ ನಿಲ್ದಾಣದಲ್ಲಿ ಸೇಡಂವರೆಗೆ ಟಿಕೆಟ್ ತೆಗೆಸಿದೆ. ಇಪ್ಪತ್ತು ರೂಪಾಯಿ. ಚಳಿ ಇತ್ತು, ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದೆ. ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಹೆಂಡತಿ ಕಟ್ಟಿಕೊಟ್ಟ ರೊಟ್ಟಿ ಮತ್ತು ನಂಜಿಕೊಳ್ಳಲು ಶೇಂಗಾ ಹಿಂಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಮಡಚಿಟ್ಟ ಒಂದು ಹಳೆಯ ಪತ್ರಿಕೆಯ ತುಂಡು. ಸಂಜೆಯೊಳಗೆ ಚಿಂಚೋಳಿ ದಾಟಿ ಹುಣಸಗೇರಿ ಮುಟ್ಟಬೇಕಿತ್ತು. ಮರುದಿನ ಮೂರು ಗಂಟೆಗೆ ಅಲ್ಲಿನ ಪಂಚಾಯಿತಿ ಚುನಾವಣೆಗೆ ನಾಮಪತ್ರ ಹಾಕುವ ಅವಧಿ ಮುಗಿಯುತ್ತಿತ್ತು.

ನಾಮಪತ್ರ ನನ್ನದಲ್ಲ. ಯಾರದು ಎಂದು ಹೇಳುವ ಮೊದಲು ನನ್ನ ತಪ್ಪು ಹೇಳಬೇಕು.

ನಾನು ಮೆಟ್ರಿಕ್ ಪಾಸಾದವನು, ಕಲ್ಲಿನ ಖಣಿಯಲ್ಲಿ ಮೇಸ್ತ್ರಿಯಾಗಿದ್ದೆ. ಕೆಲಸಕ್ಕೆ ಹೋಗುವ ಮುಂಚೆ, ಶಹಾಬಾದಿನ ಪಕ್ಕದ ನಮ್ಮೂರ ಚಹಾದ ಹೋಟೆಲಿನಲ್ಲಿ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಖಣಿಯ ಮಂದಿ ಸುತ್ತ ಕುಳಿತು ಕೇಳುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ನಮ್ಮ ಪಂಚಾಯಿತಿ ಅಧ್ಯಕ್ಷರಾಗಿದ್ದವರು ಚಂದಮ್ಮ. ನಮ್ಮೂರ ಸೊಸೆ, ಗಂಡ ತೀರಿಹೋಗಿದ್ದ. ಆಕೆ ಗಟಾರ ಮಾಡಿಸುವಾಗ ನನ್ನ ಮನೆಯ ಮುಂದಿನ ಫರ್ಸಿಕಲ್ಲಿನ ಕಟ್ಟೆಯನ್ನು ಕೀಳಿಸಿದರು. ನಾನು ಅದನ್ನು ಮೂರು ಅಡಿ ರಸ್ತೆಯ ಮೇಲೆ ಚಾಚಿ ಕಟ್ಟಿಸಿದ್ದೆ. ರಸ್ತೆ ಊರಿನದು. ಆದರೂ ನನಗೆ ಹೊಟ್ಟೆ ಉರಿಯಿತು.

ನಾಲ್ಕನೆಯ ದಿನ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಇತ್ತು. ‘ದಕ್ಷಿಣ ಅಮೆರಿಕದ ಪೆರು ಅಧ್ಯಕ್ಷರ ಜನಪ್ರಿಯತೆ ಕುಸಿತ.’ ನಾನು ಮೊದಲ ಮೂರು ಪದ ನುಂಗಿ ಓದಿದೆ. ‘ಅಧ್ಯಕ್ಷರ ಜನಪ್ರಿಯತೆ ಕುಸಿತ. ಬಹಳ ಜನರಿಗೆ ಅಧ್ಯಕ್ಷರ ಕೆಲಸ ಮೆಚ್ಚುಗೆಯಾಗಿಲ್ಲ ಎಂದು ಸಮೀಕ್ಷೆ ಹೇಳಿದೆ.’ ನಮ್ಮ ಮಾತಿನಲ್ಲಿ ದೇಶ ಆಳುವವರೂ ಅಧ್ಯಕ್ಷರು, ಪಂಚಾಯಿತಿ ನಡೆಸುವವರೂ ಅಧ್ಯಕ್ಷರು. ಗೌರವ ಕೊಟ್ಟು ಬರೆದರೆ ಗಂಡಸೋ ಹೆಂಗಸೋ ಅದೂ ತಿಳಿಯದು. ಯಾರೋ ಕೇಳಿದರು: ‘ನಮ್ಮ ಅಧ್ಯಕ್ಷರದೇನ್ರಿ ಮೇಸ್ತ್ರಿ?’ ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಪತ್ರಿಕೆ ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ. ಸಂಜೆಗೆ ಊರೆಲ್ಲ ಒಂದೇ ಮಾತು: ‘ಪೇಪರ್‌ನ್ಯಾಗ ಬಂದದ.’ ಸದಸ್ಯರಿಗೆ ಅಷ್ಟೇ ಸಾಕಾಯಿತು. ಎರಡು ತಿಂಗಳಲ್ಲಿ ಅವಿಶ್ವಾಸ ನಿರ್ಣಯವಾಯಿತು. ಚಂದಮ್ಮ ತವರೂರು ಹುಣಸಗೇರಿಗೆ ಹೋಗಿಬಿಟ್ಟರು.

ಹೋದ ವಾರ ಶಹಾಬಾದಿನ ಒಂದು ಮದುವೆಯಲ್ಲಿ ಅವರ ತಮ್ಮ ಮಲ್ಲಪ್ಪ ಪಂಕ್ತಿಯಲ್ಲಿ ನನ್ನ ಮಗ್ಗುಲಿಗೆ ಕುಳಿತ. ‘ಊರ ಹೆಣ್ಮಕ್ಕಳೆಲ್ಲಾ ಎಲೆಕ್ಷನ್‌ಗಿ ನಿಲ್ಲು ಅಂತ ಗಂಟು ಬಿದ್ದಾರ್ರಿ. ಅಕ್ಕ ಮಾತ್ರ ಒಲ್ಲೆ ಅಂತಾಳ. ಮಂದಿಗಿ ನಾ ಬ್ಯಾಡ ಅಂತ ಪೇಪರ್‌ನ್ಯಾಗ ಬಂದಿತ್ತಲ್ಲ, ಮತ್ಯಾಕ ನಿಂದ್ರಲಿ ಅಂತಾಳ,’ ಎಂದ. ನಾಮಪತ್ರ ಹಾಕಲು ಕೊನೆಯ ದಿನ ಯಾವುದು ಎಂದು ಕೇಳಿಕೊಂಡೆ.

ಶಹಾಬಾದಿನಿಂದ ವಾಡಿ ಜಂಕ್ಷನ್ ದೂರವಲ್ಲ. ಆದರೆ ಸೇಡಂ ಕಡೆಯ ಗಾಡಿಗೆ ಅಲ್ಲಿ ಮೂರು ತಾಸು ಕಾಯಬೇಕಾಯಿತು. ಮಂಡಕ್ಕಿಯ ಸುಸಲಾ, ಎರಡು ಮಿರ್ಚಿ ಭಜಿ ತಿಂದೆ. ಬೆಂಚಿನ ಮೇಲೆ ಖಾಜಾಮಿಯಾ ಎಂಬ ನಿವೃತ್ತ ಗ್ಯಾಂಗ್‌ಮನ್ ಪತ್ರಿಕೆ ಹಿಡಿದು ಕುಳಿತಿದ್ದರು. ಕೇಳಿ ತೆಗೆದುಕೊಂಡು ಒಳಪುಟ ತಿರುವಿದೆ.

‘ಏನ್ ಹುಡುಕ್ಲಿಕತ್ತೀರಿ ಯಜಮಾನ್ರ?’

‘ದಕ್ಷಿಣ ಅಮೆರಿಕದ ಸುದ್ದಿ ಅದೇನು ನೋಡ್ಲಿಕತ್ತೀನ್ರಿ.’

‘ಯಾ ಅಲ್ಲಾ! ವಾಡಿಗಿ ಗಾಡಿ ಯಾವಾಗ ಬರ್ತದ ಅಂಬೋದು ನಮಗ ಗೊತ್ತಿಲ್ಲ, ನಿಮಗ ಅಮೆರಿಕಾ! ಅಲ್ಲಿ ಬೀಗತಾನ ಮಾಡೀರೇನು?’

ಬೀಗತನವಲ್ಲ, ಅದು ಪಾಪ ಅಂಟಿಸಿದ ನಂಟು. ಹನ್ನೊಂದು ವರ್ಷದಿಂದ ಆ ಖಂಡದ ಸುದ್ದಿ ಎಲ್ಲಿ ಕಂಡರೂ ಓದುತ್ತೇನೆ. ಶಾಲೆಯ ಹಳೆಯ ಭೂಪಟದಲ್ಲಿ ಚಿಲಿ, ಬೊಲಿವಿಯಾ, ಪೆರು ಎಲ್ಲಿವೆ ಎಂದು ಬೆರಳಿಟ್ಟು ತೋರಿಸಬಲ್ಲೆ. ಅಧ್ಯಕ್ಷರ ಕೆಲಸ ಹಿಡಿಸಿತೋ ಇಲ್ಲವೋ ಎಂದು ಅಲ್ಲಿ ಮೇಲಿಂದ ಮೇಲೆ ಜನರನ್ನು ಕೇಳುತ್ತಾರೆ. ಗೆದ್ದು ಬಂದ ಹೊಸದರಲ್ಲಿ ಎಲ್ಲರಿಗೂ ಬೇಕಾದವರು, ಸಾಮಾನಿನ ಬೆಲೆ ಏರಿದರೆ ಯಾರಿಗೂ ಬೇಡವಾಗುತ್ತಾರೆ. ಪೆರುವಿನಲ್ಲಂತೂ ಒಬ್ಬರ ಹಿಂದೆ ಒಬ್ಬರು ಬಂದರು, ಹೋದರು. ಆ ಖಂಡದಲ್ಲಿ ಬಿದ್ದು ಮತ್ತೆ ಗೆದ್ದವರೂ ಇದ್ದಾರೆ. ಅಂಥ ಸುದ್ದಿ ಓದಿದ ದಿನ ನನಗೆ ಚಂದಮ್ಮ ನೆನಪಾಗುತ್ತಿದ್ದರು.

ಯಾರಿಗೂ ಹೇಳದ ಕಥೆಯನ್ನು ಮೊದಲ ಬಾರಿ ಆ ಅಪರಿಚಿತರಿಗೆ ಹೇಳಿದೆ. ಖಾಜಾಮಿಯಾ ನಗಲಿಲ್ಲ.

‘ಆ ದೇಶದಾಗ ಯಾರರೆ ಹೋಗಿ ಮಂದಿಗಿ ಕೇಳಿರಬೇಕಲ್ರಿ. ನಿಮ್ಮೂರಾಗ ಯಾರು ಯಾರಿಗಿ ಕೇಳಿದ್ರು?’

‘ಯಾರೂ ಕೇಳಿಲ್ರಿ.’

ಅವರು ಪತ್ರಿಕೆಯನ್ನು ನನ್ನ ಚೀಲಕ್ಕೆ ತುರುಕಿದರು. ‘ಒಯ್ರಿ. ಇದರಾಗ ಊರ ಹೆಸರೆಲ್ಲಾ ಪೂರಾ ಅದಾವ,’ ಎಂದರು.

ಗಾಡಿ ಚಿತ್ತಾಪುರ ದಾಟುವಾಗ ಬಿಸಿಲು ಬಂತು. ಎರಡೂ ಕಡೆ ತೊಗರಿ ಕಾಯಿ ಹಿಡಿದು ನಿಂತಿತ್ತು. ಮಳಖೇಡದ ಬಳಿ ಆದಿತ್ಯನಗರದ ಚಿಮಣಿಗಳು ಕಂಡವು. ಸೇಡಂನಲ್ಲಿ ಇಳಿದಾಗ ಒಂದು ಗಂಟೆ. ಬಸ್ ನಿಲ್ದಾಣದಲ್ಲಿ ರೊಟ್ಟಿ ಬಿಚ್ಚಿ ಉಂಡೆ. ಚಿಂಚೋಳಿ ಬಸ್ಸಿನಲ್ಲಿ ಹೆಂಗಸರೇ ಹೆಚ್ಚು. ನಾನು ಟಿಕೆಟಿಗೆ ಜೇಬು ತಡಕುತ್ತಿದ್ದಾಗ ಮಗ್ಗುಲಿನ ಮುದುಕಿ, ‘ನೀ ಸೀರಿ ಉಟ್ಟು ಬಂದಿದ್ರ ಫುಕಟ್ ಆಗ್ತಿತ್ತು ನೋಡಣ್ಣಾ,’ ಎಂದಳು. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಮುಂದೆ ನೆಲ ಕೆಂಪಾಯಿತು, ಗುಡ್ಡಗಳು ಕಂಡವು, ಮಾತಿನಲ್ಲಿ ತೆಲುಗು ಬೆರೆಯಿತು. ಚಿಂಚೋಳಿಯಿಂದ ಟಂಟಂ ಆಟೊ ಹತ್ತಿ ಹುಣಸಗೇರಿಗೆ ಬಂದಾಗ ಇನ್ನೂ ಬೆಳಕಿತ್ತು.

ಮಲ್ಲಪ್ಪ ನನ್ನನ್ನು ನೇರ ಸಮುದಾಯ ಭವನಕ್ಕೆ ಕರೆದೊಯ್ದ. ಎಂಟು ಹೆಂಗಸರು ಮಾರಾಟಕ್ಕೆ ರೊಟ್ಟಿ ಬಡಿಯುತ್ತಿದ್ದರು. ನಡುವೆ ಚಂದಮ್ಮ. ಕೂದಲು ನೆರೆತಿತ್ತು.

‘ನಮಸ್ಕಾರ್ರಿ ಅಧ್ಯಕ್ಷರ,’ ಎಂದೆ.

‘ಯಾ ಅಧ್ಯಕ್ಷರ್ರಿ ಮೇಸ್ತ್ರಿ? ಅದನ್ನ ನಿಮ್ಮೂರಾಗೇ ಬಿಟ್ಟು ಬಂದೀನಿ. ಬರ್ರಿ, ಕುಂದ್ರಿ. ಕಟ್ಟಿ ಕೆಡವಿದ ಸಿಟ್ಟು ಇನ್ನಾ ಅದೇನು?’

ಪತ್ರಿಕೆಯ ತುಂಡು ಚಾಚಿದೆ. ಆಕೆ ಹಿಟ್ಟಿನ ಕೈ ತೋರಿಸಿದರು. ‘ನೀವೇ ಓದ್ರಿ. ಓದೋ ಕೆಲಸ ನಿಮ್ಮದೇ ಅಲ್ಲ?’

ಎದ್ದು ನಿಂತು ಓದಿದೆ. ದಕ್ಷಿಣ, ಅಮೆರಿಕದ, ಪೆರು. ಒಂದೂ ಬಿಡದೆ ಓದಿದೆ. ಅಂದು ಹೇಗೆ ಓದಿದ್ದೆ, ಏಕೆ ಓದಿದ್ದೆ ಎಂದೂ ಹೇಳಿದೆ.

‘ಪೆರು ಅಂದ್ರ ಎಲ್ಲಿ ಬರ್ತದ?’ ಚಂದಮ್ಮ ಕೇಳಿದರು.

‘ಸಮುದ್ರ ದಾಟಿ, ಭೂಮಿ ಆ ಮಗ್ಗಲಕ್ಕ ಬರ್ತದ್ರಿ.’

‘ಹಂಗಾರ ಭೂಮಿ ಆ ಮಗ್ಗಲದ ಮಂದಿ ಸಿಟ್ಟು ನಾ ಹೊತ್ತು ತಿರುಗೀನಿ? ನಿಮ್ಮೂರಾಗ ಒಂದೊಂದು ಬಾಗಲ ಮುಂದ ಹಾಯುವಾಗ ಈ ಮನ್ಯಾಕಿ ನನಗ ಬ್ಯಾಡ ಅಂದಾಳೇನು, ಆ ಮನ್ಯಾಕಿ ಅಂದಾಳೇನು ಅಂತ ತಲಿ ತಗ್ಗಿಸಿ ನಡದೀನಲ್ರಿ ಮೇಸ್ತ್ರಿ!’

ನೆಲ ಮುಟ್ಟಿ ‘ತಪ್ಪಾಯ್ತು’ ಎಂದೆ. ಆಕೆ ಮುಖ ತಿರುಗಿಸಿದರು.

ಎಲ್ಲರಿಗಿಂತ ಹಿರಿಯಳಾದ ನಾಗಮ್ಮ ಕೇಳಿದಳು: ‘ಅಣ್ಣಾ, ಆ ದೇಶದಾಗ ಮಂದಿ ಒಮ್ಮೆ ಒಲ್ಲೆ ಅಂದವರು ಮತ್ತ ನಿಲ್ತಾರೇನು?’

‘ನಿಲ್ತಾರ್ರಿ. ಆ ಕಡೆ ದೇಶದಾಗ ಬಿದ್ದು ಮತ್ತ ಗೆದ್ದವರೂ ಅದಾರ.’

‘ಕೇಳಿದೇನ ಚಂದಮ್ಮ? ಖರೇನೇ ಮಂದಿ ಒಲ್ಲೆ ಅಂದವರು ನಿಲ್ತಾರ, ನಿನಗ ಯಾರೂ ಅಂದೇ ಇಲ್ಲ. ಈಗ ನಾ ಕೇಳ್ತೀನಿ. ಚಂದಮ್ಮ ನಿಲ್ಲಬೇಕು ಅಂಬೋರು ಕೈ ಎತ್ರಿ!’

ಹಿಟ್ಟು ಮೆತ್ತಿದ ಕೈಗಳು ಎದ್ದವು. ಒಲೆಯ ಮುಂದಿದ್ದ ಒಬ್ಬಳು ಮಾತ್ರ ಎತ್ತಲಿಲ್ಲ. ನಾಗಮ್ಮ ಗದರಿದಳು. ‘ರೊಟ್ಟಿ ಹೊತ್ತತದವ್ವಾ! ತಿರುವಿ ಹಾಕಿ ಎತ್ತತೀನಿ,’ ಎಂದು ಅವಳು ಕೂಗಿದಳು. ಚಂದಮ್ಮನಿಗೂ ನಗೆ ತಡೆಯಲಾಗಲಿಲ್ಲ. ಆದರೆ ನಿಲ್ಲುತ್ತೇನೆ ಎನ್ನಲಿಲ್ಲ. ‘ಮೇಸ್ತ್ರಿಗಿ ಉಣ್ಣಾಕ ನೀಡು,’ ಎಂದು ತಮ್ಮನಿಗೆ ಹೇಳಿ ಮತ್ತೆ ರೊಟ್ಟಿಗೆ ಕುಳಿತರು. ಪುಂಡಿಪಲ್ಯ, ಬಿಸಿ ರೊಟ್ಟಿ ಉಂಡು ಮಲ್ಲಪ್ಪನ ಪಡಸಾಲೆಯಲ್ಲಿ ಮಲಗಿದೆ.

ಗುರುವಾರ ಹತ್ತು ಗಂಟೆಯ ಬಸ್ಸಿಗೆ ಕಾಯುತ್ತಿದ್ದಾಗ ಚಂದಮ್ಮ ಬಂದರು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಕಾಗದಪತ್ರಗಳ ಚೀಲ.

‘ಮಾಫಿ ಇವತ್ತೇ ಕೇಳಬ್ಯಾಡ್ರಿ ಮೇಸ್ತ್ರಿ. ಅದೇ ಹೋಟೆಲಿನಾಗ, ಅದೇ ಮಂದಿ ಮುಂದ, ಆ ಪೇಪರ್ ತುಂಡನ್ನ ಪೂರಾ ಓದ್ರಿ. ಆಮ್ಯಾಲ ನೋಡಮಿ.’

‘ನಾಳಿ ಬೆಳಿಗ್ಗೇನೇ ಓದ್ತೀನ್ರಿ.’

‘ಊರ ಹೆಸರು ಮೊದಲು ಓದ್ರಿ.’

ಆಕೆ ಹೋದ ಎಷ್ಟೋ ಹೊತ್ತಿಗೆ ಬಂದ ಬಸ್ಸು ಹೊರಟು ಪಂಚಾಯಿತಿ ಕಚೇರಿಯ ಮುಂದೆ ನಿಧಾನವಾಯಿತು. ಹೆಂಗಸರ ದಂಡು ರಸ್ತೆ ದಾಟುತ್ತಿತ್ತು. ಮುಂದೆ ಚಂದಮ್ಮ, ತಲೆ ಎತ್ತಿ ನಡೆಯುತ್ತಿದ್ದರು. ಬಾಗಿಲ ಬಳಿ ನಾಗಮ್ಮ ಆಕೆಯ ಬೆನ್ನಿಗೆ ಕೈ ಹಾಕಿ ಒಳಗೆ ನೂಕಿದಳು.

‘ಯಾರ್ರಿ ಆಕಿ? ಇಷ್ಟು ಮಂದಿ ಬೆನ್ನು ಹತ್ಯಾರ?’ ಮುಂದಿನ ಸೀಟಿನವನು ನನ್ನ ಕಡೆ ತಿರುಗಿ ಕೇಳಿದ.

‘ಅಧ್ಯಕ್ಷರು’ ಎಂದು ನಾಲಿಗೆಯ ತುದಿಗೆ ಬಂದಿತ್ತು. ತಡೆದೆ.

‘ಹುಣಸಗೇರಿ,’ ಎಂದೆ. ‘ಹುಣಸಗೇರಿ ಚಂದಮ್ಮ.’