ಎಲ್ಲರಿಗಿಂತ ಕೆಳಗೆ ಬಗ್ಗಿದವರು

ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಅಂಕಲ್‌ಗೆ ಜಪಾನಿನ ಯಾಕೂಜಾ ಸಿನಿಮಾಗಳ ಹುಚ್ಚು. ಗ್ಯಾಂಗುಗಳು ಹೊಡೆದಾಡುವಷ್ಟು ಹೊತ್ತು ಚುರುಮುರಿ ಮೆಲ್ಲುತ್ತ ಆರಾಮಾಗಿ ಒರಗಿರುತ್ತಿದ್ದರು. ಕೊನೆಯ ದೃಶ್ಯದಲ್ಲಿ, ಸತ್ತ ನಾಯಕನ ಫೋಟೋದ ಮುಂದೆ ಉಳಿದವರೆಲ್ಲ ಕಪ್ಪು ಸೂಟಿನಲ್ಲಿ ಸಾಲಾಗಿ ಬಂದು ಬಗ್ಗುವಾಗ ಮಾತ್ರ ತಟ್ಟೆ ಕೆಳಗಿಟ್ಟು, ಕನ್ನಡಕ ಒರೆಸಿ, ಮುಂದಕ್ಕೆ ಸರಿದು ಕೂರುತ್ತಿದ್ದರು.

“ಹೊಡದಾಂವನ್ನ ಬಿಡು ತಮ್ಮಾ. ಎಲ್ಲಾರಕಿಂತ ಕೆಳಗ ಯಾಂವ ಬಗ್ಗತಾನ ನೋಡು. ಹೊಡಸಿದಾಂವ ಅಂವನ.”

ಪ್ರತಿ ಸಿನಿಮಾಕ್ಕೂ ಇದೇ ಮಾತು.

“ಅವರಲ್ಲಿ ಅದು ಮರ್ಯಾದೆ ಅಲ್ವಾ ಅಂಕಲ್?” ಎಂದರೆ, “ಮರ್ಯಾದಿಗೂ ಒಂದು ಅಳತಿ ಇರ್ತೈತಿ,” ಎನ್ನುತ್ತಿದ್ದರು.

ಒಂದು ವರ್ಷ ಊರಿನ ಕನ್ನಡ ಕೂಟದವರು ನನ್ನನ್ನು ಅಧ್ಯಕ್ಷಗಿರಿಯಿಂದ ಇಳಿಸಿದರು. ಯಾರೋ ಮನೆಮನೆಗೆ ಫೋನ್ ಮಾಡಿ ನನ್ನ ವಿರುದ್ಧ ಕೈ ಎತ್ತಿಸಿದ್ದರು. ಯಾರೆಂದು ಒಬ್ಬರೂ ಬಾಯಿ ಬಿಡಲಿಲ್ಲ. ಯುಗಾದಿಯ ದಿನ ಬಾಡಿಗೆ ಸಭಾಂಗಣದಲ್ಲಿ ನನಗೆ ಶಾಲು ಹೊದಿಸಿ, ಒಬ್ಬೊಬ್ಬರಾಗಿ ಬಂದು ಕೈ ಕುಲುಕಿದರು. ಎದುರು ಬಂದ ಪ್ರತಿ ಮುಖವನ್ನೂ ನಾನು ಅನುಮಾನದಿಂದಲೇ ನೋಡಿದೆ.

ಕೊನೆಗೆ ಅಂಕಲ್ ಬಂದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಕೈ ಜೋಡಿಸಿ ಸೊಂಟ ಮಡಿಸಿದರು. ಅವರ ತಲೆ ನನ್ನ ಮೊಣಕಾಲಿನ ಹತ್ತಿರಕ್ಕೆ ಬಂತು.

“ಭಾಳ ದುಡದಿ ತಮ್ಮಾ,” ಎಂದರು.

ಹಿರಿಯರಲ್ಲವೇ? ನಾನು ಅವರಿಗಿಂತ ಕೆಳಗೆ ಬಗ್ಗಿ ಎರಡೂ ಪಾದ ಮುಟ್ಟಿದೆ. ಆಶೀರ್ವಾದದ ಕೈ ತಲೆಯ ಮೇಲೆ ಬರಲೆಂದು ಕಾದೆ. ಬರಲಿಲ್ಲ. ಪಾದಗಳು ಮಾತ್ರ ಒಂದು ಹೆಜ್ಜೆ ಹಿಂದೆ ಸರಿದವು.