ರೇಜರುಗಳ ಪಾಳಿ

ಅರಳೆಗೂ ಒಂದು ವಾಸನೆಯಿರುತ್ತದೆ. ಹೊಸ ಅರಳೆಗಲ್ಲ; ಹೊಲಿಗೆ ಯಂತ್ರದ ಎಣ್ಣೆಯನ್ನು ಕುಡಿದು, ವರ್ಷಗಟ್ಟಲೆ ತಗಡಿನ ಡಬ್ಬಿಯೊಳಗೆ ಬಾಯಿ ಮುಚ್ಚಿಕೊಂಡು ಕುಳಿತ ಹಳೆಯ ಅರಳೆಗೆ. ಮೊನ್ನೆ ನನ್ನ ಅಕ್ಕನ ಮಗಳು ಸುಧಾ ಅಂಥದೊಂದು ಡಬ್ಬಿಯನ್ನು ತಂದು ನನ್ನ ಮುಂದಿಟ್ಟು ಮುಚ್ಚಳ ತೆರೆದಳು. ಸಂಧ್ಯಾವಂದನೆ ಮುಗಿಸಿ ಪಂಚಾಂಗ ನೋಡುತ್ತಿದ್ದ ನಾನು ಕನ್ನಡಕವನ್ನು ಮೇಲಕ್ಕೆ ಸರಿಸಿದೆ. ನೋಡುವ ಮೊದಲೇ ಏನೆಂದು ತಿಳಿದುಹೋಗಿತ್ತು.

ಅಕ್ಕ ತೀರಿಕೊಂಡು ಬಹಳ ವರ್ಷಗಳಾದವು. ಭಾವನ ಮೊದಲ ವರ್ಷದ ಶ್ರಾದ್ಧವೂ ಕಳೆದ ತಿಂಗಳು ಮುಗಿಯಿತು. ಆದೋನಿಯಲ್ಲಿ ಎರಡು ಬೀದಿ ಆಚೆ ಇರುವ ಅವರ ಮನೆಯ ಸಾಮಾನುಗಳನ್ನು ಸುಧಾ ವಿಂಗಡಿಸುತ್ತಿದ್ದಳು.

"ಮಾಮಾ, ಅಪ್ಪಗ ಇದ್ದದ್ದು ಒಂದೇ ಮಖ. ಆರು ರೇಜರ್ ಯಾಕ ಬೇಕಾಗಿದ್ವು? ಗುಜರಿಗೆ ಹಾಕಿಬಿಡ್ಲೇನು?"

ನ್ಯಾಯವಾದ ಪ್ರಶ್ನೆ. ನಾನೂ ಒಮ್ಮೆ ಅದನ್ನೇ ಕೇಳಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಪಾಠಶಾಲೆಯ ವ್ಯಾಸಂಗ ಪೂರೈಸಿ, ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತ ಪಂಡಿತನಾಗಿ ಸೇರಿ, ಇಂದಿರಕ್ಕನ ಮನೆಯಲ್ಲಿಯೇ ಉಳಿದುಕೊಂಡಿದ್ದೆ. ಭಾವ ಗುರುರಾಜರು ಹತ್ತಿ ಹಿಂಜುವ ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಹಿರಿಯರೆಂದರೆ ಭಾವನ ತಾಯಿ. ಊರಿಗೆಲ್ಲ ಅವರು ಅಂಬಕ್ಕ. ಮಡಿಯ ವಿಷಯದಲ್ಲಿ ಅಂಬಕ್ಕ ಬಹಳ ಕಟ್ಟುನಿಟ್ಟು. ರೇಜರಿನ ಡಬ್ಬಿಗೆ ಮನೆಯೊಳಗೆ ಪ್ರವೇಶವಿರಲಿಲ್ಲ. ಹಿತ್ತಲಿನ ಗೋಡೆಯ ಗೂಡೇ ಅದರ ಸ್ಥಾನ. ಅಲ್ಲಿಯೇ ಒಗೆಯುವ ಕಲ್ಲಿನ ಮೇಲೆ ಕುಳಿತು ಭಾವ ಕ್ಷೌರ ಮಾಡಿಕೊಂಡು, ಸ್ನಾನ ಮಾಡಿಯೇ ಒಳಗೆ ಬರಬೇಕು.

ಇನ್ನು ಕ್ಷೌರಕ್ಕೆ ಒದಗುವ ದಿನಗಳಾದರೂ ಎಷ್ಟು? ಮಂಗಳವಾರ, ಶುಕ್ರವಾರ, ಶನಿವಾರ ನಿಷಿದ್ಧ. ಏಕಾದಶಿ ಬೇಡ, ಅಮಾವಾಸ್ಯೆ ಹುಣ್ಣಿಮೆ ಬೇಡ, ಜನ್ಮನಕ್ಷತ್ರ ಬೇಡ, ಹಿರಿಯರ ತಿಥಿ ಹತ್ತಿರ ಬಂದರೆ ಬೇಡ. ಹೀಗೆ ಸೋಸಿ ಉಳಿದ ಬೆರಳೆಣಿಕೆಯ ದಿನಗಳಿಗೆ ಈ ಮಹಾಶಯರಲ್ಲಿ ಆರು ರೇಜರು! ದಿನಕ್ಕೆರಡು ಸಲ ಗಡ್ಡ ತೆಗೆಯುವ ಸೈನ್ಯಾಧಿಕಾರಿಗೂ ಅಷ್ಟು ಇರಲಾರದು.

ಅವು ಬಂದದ್ದು ಮಸ್ತಾನ್ ಸಾಬರ ಗುಜರಿ ಅಂಗಡಿಯಿಂದ. ಬಿಳಿಯರು ಬಿಟ್ಟುಹೋದದ್ದು, ರೈಲ್ವೆಯವರು ನಿವೃತ್ತರಾಗಿ ಊರು ಬಿಡುವಾಗ ಮಾರಿದ್ದು, ಎಲ್ಲವೂ ಕೊನೆಗೆ ಆ ಅಂಗಡಿ ಸೇರುತ್ತಿತ್ತು. ಭಾವ ಅವುಗಳನ್ನು ಹುಣಿಸೆಹಣ್ಣಿನಿಂದ ಉಜ್ಜಿ, ಕಾರ್ಖಾನೆಯ ಅರಳೆಯಲ್ಲಿ ಮಲಗಿಸುತ್ತಿದ್ದರು. ದಪ್ಪ ಹಿಡಿಯ, ತೂಕದ ರೇಜರಿಗೆ 'ದೊರೆ' ಎಂದು ಹೆಸರು. ರೈಲ್ವೆ ಗಾರ್ಡರೊಬ್ಬರ ಮನೆಯಿಂದ ಬಂದದ್ದು 'ಗಾರ್ಡು'. ಅದು ಗಡಿಬಿಡಿಯವರ ರೇಜರು, ಸ್ವಲ್ಪ ಎಚ್ಚರ ತಪ್ಪಿದರೂ ರಕ್ತ ತೋರಿಸುತ್ತಿತ್ತು. ಕೆನ್ನೆಯ ಮೇಲೆ ಸದ್ದೇ ಮಾಡದ್ದು 'ಮೌನಿ'. ಉಳಿದ ಮೂರು ಒಂದೇ ಅಚ್ಚಿನವು, ಬೆಳ್ಳಿಯ ಬಣ್ಣದವು. ಅವಕ್ಕೆ ಮಾತ್ರ ಅವರು ಹೆಸರಿಟ್ಟಿರಲಿಲ್ಲ. ಒಂದೇ ಬಗೆಯವು ಮೂರು ಯಾಕೆ ಎಂದು ಕೇಳಿದರೆ, "ನೋಡಾಕ ಒಂದೇ ರೀ ಪಂಡಿತರ, ಕೈಗೆ ಬ್ಯಾರೆ ಬ್ಯಾರೆ" ಎಂದು ಮಾತು ತೇಲಿಸುತ್ತಿದ್ದರು. ನನ್ನ ಪದವಿಯ ಮೇಲಿನ ಗೌರವದಿಂದಲೋ, ಪರಿಹಾಸದಿಂದಲೋ, ಹೆಂಡತಿಯ ತಮ್ಮನಾದ ನನ್ನನ್ನು ಅವರು ಕರೆಯುತ್ತಿದ್ದುದು ಹಾಗೆಯೇ.

ಅವರಿಗೆ ಮುಖ್ಯವಾದದ್ದು ಪಾಳಿ. ಕೋಟೆಯ ಕಡೆಯ ಪ್ರಾಣದೇವರ, ಎಂದರೆ ಹನುಮಂತನ, ಗುಡಿಯ ಪೂಜೆ ಅವರ ದಾಯಾದಿಗಳಲ್ಲಿ ಪಾಳಿಯ ಮೇಲೆ ನಡೆಯುತ್ತಿತ್ತು. ಈ ವರ್ಷ ಒಬ್ಬರದು, ಮುಂದಿನ ವರ್ಷ ಇನ್ನೊಬ್ಬರದು. ಬಡವನೆಂದು, ಕೋಪಿಷ್ಠನೆಂದು, ಕಂಠ ಚೆನ್ನಾಗಿಲ್ಲವೆಂದು ಯಾರ ಪಾಳಿಯನ್ನೂ ತಪ್ಪಿಸುವಂತಿರಲಿಲ್ಲ. ಆ ಧರ್ಮವನ್ನೇ ಭಾವ ರೇಜರುಗಳಿಗೂ ಅನ್ವಯಿಸಿದ್ದರು. ದೇವಕಾರ್ಯವನ್ನು ಕ್ಷೌರಕ್ಕೆ ಹೋಲಿಸಿದ್ದಕ್ಕೆ ಭಗವಂತ ಕ್ಷಮಿಸಲಿ. ಆದರೆ ಅವರ ಶ್ರದ್ಧೆಯಲ್ಲಿ ಭೇದ ಕಾಣುತ್ತಿರಲಿಲ್ಲ. ಮುಂದಿನ ಪಾಳಿ ಯಾವುದರದೋ ಅದರ ಹಿಡಿಯನ್ನು ಉಳಿದವಕ್ಕೆ ವಿರುದ್ಧ ದಿಕ್ಕಿಗೆ ತಿರುಗಿಸಿಟ್ಟು ಮುಚ್ಚಳ ಹಾಕುತ್ತಿದ್ದರು. ಏಕಾದಶಿ ಅಡ್ಡ ಬಂದರೆ, "ಪಾಪ, ಗಾರ್ಡು ಈ ಸಲನೂ ಕಾಯ್ಬೇಕಾತು" ಎಂದು ಮರುಗುತ್ತಿದ್ದರು. ನಾನು ನಗುತ್ತಿದ್ದೆ. ನನ್ನ ಪೆಟ್ಟಿಗೆಯಲ್ಲಿ ಆಗ ಮೂರು ತುಳಸೀಮಾಲೆಗಳಿದ್ದವು, ಜಪಕ್ಕೆ ಒದಗುತ್ತಿದ್ದದ್ದು ಒಂದೇ ಕೈ ಎಂಬುದು ಆಗ ಹೊಳೆದಿರಲಿಲ್ಲ.

ಈಗ ಒಂದು ಸಂಪ್ರದಾಯವನ್ನು ಹೇಳಬೇಕು. ಹೆಂಡತಿ ಗರ್ಭಿಣಿಯಾಗಿರುವಾಗ ಗಂಡ ಕ್ಷೌರ ಮಾಡಿಸಿಕೊಳ್ಳಬಾರದು. ಆದ್ದರಿಂದ ನಮ್ಮ ಕೇರಿಯಲ್ಲಿ ಗೃಹಸ್ಥನ ಮುಖ ನೋಡಿ ಮನೆಯ ಶುಭವಾರ್ತೆ ತಿಳಿಯುತ್ತಿತ್ತು. ಗಡ್ಡ ಬೆಳೆಯತೊಡಗಿದರೆ ಹೆಂಗಸರು ಸೊಂಟದ ಮೇಲಿನ ಕೊಡ ಇಳಿಸಿ ನಗುತ್ತಿದ್ದರು. ಗಡ್ಡ ಹೋಗಿ, ತೊಟ್ಟಿಲು ಕಟ್ಟದಿದ್ದರೆ, ಮಾತು ತಗ್ಗಿಸುತ್ತಿದ್ದರು. ಇಂದಿರಕ್ಕನಿಗೆ ಎರಡು ಸಲ ಗರ್ಭ ನಿಂತು, ಎರಡು ಸಲವೂ ತುಂಬುವ ಮೊದಲೇ ಹೋಗಿತ್ತು. ಎರಡು ಸಲವೂ ಭಾವ ನುಣ್ಣನೆಯ ಮುಖ ಹೊತ್ತು ಕೇರಿಯಲ್ಲಿ ನಡೆದು ಕಚೇರಿಗೆ ಹೋಗಿದ್ದರು.

ನಾನು ಅವರ ಮನೆ ಸೇರಿದ ಮೇಲೆ ಮೂರನೆಯ ಸಲ ನಿಂತಿತು. ಈ ಬಾರಿ ಗಡ್ಡ ಬಿಡಿಸಲು ಅಂಬಕ್ಕ ಮೊದಲಿನಂತೆ ಕೆಲವು ತಿಂಗಳು ಕಾಯಲಿಲ್ಲ. ಗುರುವಾರ ಸಂಜೆ ತಿಳಿಯಿತು. ದೀಪ ಹಚ್ಚುವಾಗಲೇ ಮಗನನ್ನು ಕರೆದರು.

"ಇವತ್ತಿಂದ ಮಖಕ್ಕ ಕತ್ತಿ ಮುಟ್ಟಿಸಬ್ಯಾಡ ಗುರು. ದೇವರ ಮುಂದ ಹೂಂ ಅನ್ನು."

"ಹೂಂ," ಎಂದರು ಭಾವ.

ಶುಕ್ರವಾರ, ಶನಿವಾರ ಹೇಗೂ ನಿಷಿದ್ಧ. ಭಾನುವಾರ ಏಕಾದಶಿ. ಸೋಮವಾರ ಬೆಳಗ್ಗೆ ಹಿತ್ತಲಿನ ಗೂಡಿನಲ್ಲಿ ದೊರೆಯ ಹಿಡಿ ತಿರುಗಿಕೊಂಡು ಕಾಯುತ್ತಿತ್ತು. ಮೂರು ದಿನದ ಗಡ್ಡವನ್ನು ತೆಗೆಯುವುದು ಭಾವನ ಕೈಗೆ ವರ್ಷಗಳ ಅಭ್ಯಾಸ. ಮನಸ್ಸು ಕಾರ್ಖಾನೆಗೆ ಬರಲಿದ್ದ ಹತ್ತಿಯ ಗಾಡಿಗಳ ಮೇಲಿತ್ತೋ ಏನೋ, ಕೈ ತನ್ನ ಕೆಲಸ ತಾನು ಮಾಡಿತು. ತುಳಸಿಗೆ ನೀರು ತಂದ ಅಕ್ಕನ ಕೈಯಿಂದ ಚೊಂಬು ಜಾರಿ ಬಿದ್ದ ಸದ್ದಿಗೆ ನಾನು ಓಡಿಬಂದಾಗ, ಭಾವನ ಬಲಗೆನ್ನೆ ಹೊಳೆಯುತ್ತಿತ್ತು. ಎಡಗೆನ್ನೆಯ ಮೇಲೆ ನೊರೆ. ಅವರ ಕಣ್ಣುಗಳಲ್ಲಿದ್ದ ಭಯವನ್ನು ನಾನು ಅಂದಿನವರೆಗೆ ನೋಡಿರಲಿಲ್ಲ.

ಅಂಬಕ್ಕ ಮಡಿಯಲ್ಲಿ ಅಡುಗೆಮನೆಯಿಂದಲೇ ಕೂಗಿದರು. "ನಿಲ್ಲಿಸು! ಇನ್ನೊಂದು ಕೂದಲ ಬಿದ್ದೀತು ನೋಡು!"

"ಅವ್ವಾ, ಅರ್ಧ ಆಗೈತಿ..."

"ಅರ್ಧಾನೇ ಇರ್ಲಿ! ಪಂಡಿತ ಎಲ್ಲಿ ಅದಾನ? ಕೇಳು ಅವನ್ನ, ಅರ್ಧಕ್ಕ ದೋಷ ಐತೇನು?"

ಪಂಡಿತನಿಗೆ ಹೊಸ ಹುರುಪು. ಆರಂಭಿಸಿದ ಕರ್ಮವು ಸಮಾಪ್ತಿ ಹೊಂದದಿದ್ದರೆ ಅದನ್ನು ಕರ್ಮವೆಂದು ಗಣಿಸಬಹುದೇ, ಮರೆವಿನಿಂದ ಆದದ್ದಕ್ಕೂ ತಿಳಿದು ಮಾಡಿದ್ದಕ್ಕೂ ಫಲದಲ್ಲಿ ಭೇದವೇನು ಎಂದು ನಾನು ಒಗೆಯುವ ಕಲ್ಲಿನ ಪಕ್ಕದಲ್ಲಿ ನಿಂತು ಪೂರ್ವಪಕ್ಷವನ್ನು ಮಂಡಿಸತೊಡಗಿದೆ. ಭಾವನ ಎಡಗೆನ್ನೆಯ ನೊರೆ ಒಣಗಿ ಬಿರುಕು ಬಿಡತೊಡಗಿತು.

"ನಿನ್ನ ಪಾಂಡಿತ್ಯ ಆಮ್ಯಾಲೆ," ಎಂದರು ಅಂಬಕ್ಕ. "ಮದ್ಲು ಆ ಸೋಪು ತೊಳ್ಕೋ ಅನ್ನು."

ಸಿದ್ಧಾಂತಪಕ್ಷ ಇಂದಿಗೂ ಬಾಕಿಯಿದೆ.

ಭಾವ ಅರ್ಧ ಗಡ್ಡದೊಂದಿಗೆ ಕಚೇರಿಗೆ ಹೋದರು. ಅಲ್ಲಿಯ ಮ್ಯಾನೇಜರರು ತೆಲುಗಿನವರು. "ಏಮಯ್ಯಾ ಗುರುರಾಜೂ, ಸಗಮೇ ಚೇಸುಕುನ್ನಾವು?" ಎಂದು, ಅರ್ಧವೇ ಮಾಡಿಕೊಂಡಿದ್ದೇಕೆ ಎಂದು ನಕ್ಕರಂತೆ. ಇನ್ನೂ ಹೊರಗೆ ಹೇಳಬಾರದ ಸುದ್ದಿ. "ಬ್ಲೇಡು ಅಯಿಪೋಯಿಂದಿ ಸಾರ್," ಬ್ಲೇಡು ಮುಗಿಯಿತೆಂದು ಭಾವ ಜಾರಿಕೊಂಡರು. ಆದರೆ ಸಂಜೆಯೊಳಗೆ ಕೇರಿಗೆಲ್ಲ ತಿಳಿದಿತ್ತು. ಎಡಗಡೆ ಮುಂದೆ, ಬಲಗಡೆ ಹಿಂದೆ, ಹೀಗೆ ಬೆಳೆಯುತ್ತಿದ್ದ ಗಡ್ಡಕ್ಕೆ ಬೇರೆ ಅರ್ಥವಿರಲು ಸಾಧ್ಯವಿರಲಿಲ್ಲ.

ಅಕ್ಕ ಅಳಲಿಲ್ಲ, ಜಗಳವಾಡಲಿಲ್ಲ. ಆ ರಾತ್ರಿ ಊಟ ಬಡಿಸುವಾಗ ಒಂದೇ ಮಾತು ಹೇಳಿದಳು. "ಆ ಡಬ್ಬಿ ಗುಜರಿಗೆ ಹಾಕಿ ಬರ್ರಿ. ನನಗ ನೋಡಾಕ ಆಗಂಗಿಲ್ಲ."

ಮರುದಿನ ಸಂಜೆ ಭಾವ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಹೊರಟರು. ನಾನೂ ಜೊತೆಗೆ ಹೋದೆ. ಹತ್ತಿ ಮಾರುಕಟ್ಟೆಯ ಹತ್ತಿರ, ಮೂಟೆ ಇಳಿಸುವ ಕಟ್ಟೆಯ ಮೇಲೆ ಅವರು ಕುಳಿತುಬಿಟ್ಟರು. ಗಾಳಿಯಲ್ಲಿ ಹತ್ತಿಯ ಎಳೆಗಳು ತೇಲಿಬಂದು ಅವರ ಗಡ್ಡ ಇದ್ದ ಕೆನ್ನೆಗೆ ಮಾತ್ರ ಅಂಟಿಕೊಳ್ಳುತ್ತಿದ್ದವು.

"ಒಂದೇ ಅಚ್ಚಿನವು ಮೂರು ಯಾಕಂತ ಕೇಳ್ತಿದ್ರಲ್ಲ ಪಂಡಿತರ," ಎಂದರು. "ಮದ್ಲು ನನ್ನ ಹತ್ರ ಇದ್ದದ್ದು ಒಂದೇ. ಮದ್ಲನೇ ಕೂಸು ಹೋದಾಗ ಅದರಾಗೇ ಗಡ್ಡ ತಗದೆ. ಮುಂದ ಎಂದು ಅದನ್ನ ಕೈಯಾಗ ಹಿಡದ್ರೂ ನಿಮ್ಮ ಅಕ್ಕ ಅದನ್ನೇ ನೋಡ್ಕೋತ ನಿಂದರೋಳು. ಬಿಸಾಕಿದ್ರ, ಯಾಕ ಬಿಸಾಕಿದಿರಿ ಅಂತ ಅದೇ ನೆನಪು. ಅದಕ್ಕ ಮಸ್ತಾನ್ ಸಾಬರ ಅಂಗಡ್ಯಾಗ ಅಂಥದೇ ಇನ್ನೊಂದು ಹುಡುಕಿದೆ. ಎರಡನೇದು ಹೋದಾಗ ಮತ್ತೊಂದು. ದೊರಿ, ಗಾರ್ಡು, ಮೌನಿ ಆಮ್ಯಾಲೆ ಬಂದ್ವು, ಗುಂಪಿಗೆ ಅಂತ. ಈಗ ಎಲ್ಲಾ ಪಾಳಿ ಮ್ಯಾಲೆ ತಿರುಗ್ತಾವ. ಯಾವುದು ಯಾವ ದಿನದ್ದು ಅಂತ ಆಕಿಗೆ ಗೊತ್ತಾಗಂಗಿಲ್ಲ."

"ನಿಮಗೆ ಗೊತ್ತಾಗುವುದಿಲ್ಲವೇ ಭಾವ?"

"ನನ್ನ ಕೈಗೆ ಗೊತ್ತೈತಿ. ಇರ್ಲಿ. ಅವುಕ್ಕೂ ಪಾಳಿ ತಪ್ಪಿಸಬಾರದಲ್ಲ, ಅವೂ ಮನಿಯವೇ."

ಅವರು ಹೇಳಿದ ಆ 'ಮನಿಯವು' ರೇಜರುಗಳಷ್ಟೇ ಆಗಿರಲಿಲ್ಲ. ನಾನು ಎದ್ದು ಚೀಲವನ್ನು ಎತ್ತಿಕೊಂಡೆ.

ಮಸ್ತಾನ್ ಸಾಬರು ಭಾವನ ಮುಖವನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ನೋಡಿದರು. ವಿಷಯವೆಲ್ಲ ಕೇಳಿದ ಮೇಲೆ ಡಬ್ಬಿಯನ್ನು ತಕ್ಕಡಿಯ ಮೇಲಿಡಲು ಬಿಡಲಿಲ್ಲ.

"ಖರೀದಿ ಮಾಡಲ್ರಿ ಆಚಾರ್ ಸಾಬ್. ಅಮಾನತ್ ಅಂತ, ನಂಬಿಕಿ ಮ್ಯಾಲೆ ಇಟ್ಕೋತೀನಿ. ಬಚ್ಚಾ ಖೈರ್ ಸೇ, ಸುಖರೂಪ ಆಗ್ಲಿ, ಬಂದು ಒಯ್ರಿ. ಅಲ್ಲೀತನಕ ನೀವ್ ಬಂದು ಎಣ್ಣಿ ಹಚ್ಚಿ ಹೋಗ್ರಿ. ನಿಮ್ಮ ಪಾಳಿಗೀಳಿ ನನಗ ತಿಳ್ಯಾದಿಲ್ಲ."

ಹೀಗೆ, ಕ್ಷೌರಕ್ಕೆ ಯೋಗ್ಯವಾದ ದಿನಗಳಂದು ಭಾವ ಕಚೇರಿಯಿಂದ ಬರುವಾಗ ಗುಜರಿ ಅಂಗಡಿಯಲ್ಲಿ ಕುಳಿತು, ಪಾಳಿಯ ರೇಜರನ್ನು ತೆಗೆದು, ಒರೆಸಿ, ಎಣ್ಣೆ ಸವರಿ, ಮುಂದಿನದರ ಹಿಡಿಯನ್ನು ತಿರುಗಿಸಿಟ್ಟು ಬರುತ್ತಿದ್ದರು. ಮುಖಕ್ಕೆ ಮಾತ್ರ ಮುಟ್ಟಿಸಲಿಲ್ಲ. ಅರ್ಧಕ್ಕೆ ನಿಂತ ದೊರೆಯನ್ನು ಡಬ್ಬಿಯ ಮೂಲೆಯಲ್ಲಿ ಬೇರೆ ಇಟ್ಟಿದ್ದರು. ಗಡ್ಡ ಬೆಳೆದು ಎದೆಗಿಳಿಯಿತು. ಬಲಭಾಗ ಎಡಭಾಗವನ್ನು ಕೂಡಿಕೊಂಡಿತು. ಹಿಂದಿನ ಎರಡು ಸಲ ದೇವರು ಹಿಂದಕ್ಕೆ ಕರೆದುಕೊಂಡ ತಿಂಗಳು ಬಂತು. ಅಂಬಕ್ಕನ ತುಟಿಗಳು ಜಪದಲ್ಲಿ ಹಗಲೆಲ್ಲ ಅಲುಗುತ್ತಿದ್ದವು. ನಾನು ಮೂರು ಮಾಲೆಗಳನ್ನೂ ಹೊರಗೆ ತೆಗೆದೆ, ಒಂದಾದ ಮೇಲೊಂದು. ಆ ತಿಂಗಳು ದಾಟಿತು.

ಸುಧಾ ಹುಟ್ಟಿದ್ದು ಮಧ್ಯಾಹ್ನ. ಪುರುಡು ಕಳೆದ ಮೇಲೆ, ಯೋಗ್ಯವಾದ ದಿನ ನೋಡಿ, ನಾನೇ ಮಸ್ತಾನ್ ಸಾಬರಲ್ಲಿಗೆ ಹೋಗಿ ಡಬ್ಬಿ ತಂದೆ. ಅವರು ಅದರ ಮೇಲೆ ಒಂದು ಹಿಡಿ ಕಲ್ಲುಸಕ್ಕರೆಯ ಪೊಟ್ಟಣ ಕಟ್ಟಿ ಕೊಟ್ಟಿದ್ದರು. ಉದ್ದ ಗಡ್ಡವನ್ನು ಕತ್ತರಿಯಿಂದ ಇಳಿಸಿಕೊಂಡು ಭಾವ ಒಗೆಯುವ ಕಲ್ಲಿನ ಮೇಲೆ ಕುಳಿತರು. ಯಾವ ರೇಜರನ್ನು ತೆಗೆಯುವುದೆಂದು ಕೈ ಅನುಮಾನಿಸುತ್ತಿತ್ತು. ಆಗ ಅಕ್ಕ, ಇನ್ನೂ ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡವಳು, ಬಾಗಿಲಿಗೆ ಬಂದು ಬಿಸಿನೀರಿನ ಚೊಂಬನ್ನು ಹೊಸ್ತಿಲ ಮೇಲಿಟ್ಟಳು.

"ದೊರೀನ ತಗೋರಿ. ಎಡಗಡಿಯಿಂದ ಸುರು ಮಾಡ್ರಿ. ಅದರ ಪಾಳಿ ಅರ್ಧ ಉಳದೈತಿ."

ಅಡುಗೆಮನೆಯಿಂದ ಅಂಬಕ್ಕ, "ಗಾಳಿಗೆ ನಿಂತಾಳ ನೋಡು! ಒಳಗ ಬಾ!" ಎಂದು ಗದರಿದರು. ಭಾವ ನಗುತ್ತಿದ್ದರು, ನೊರೆಯ ಮೇಲೆ ಕಣ್ಣೀರು ಇಳಿದ ಎರಡು ಗೆರೆಗಳು ನನಗೆ ಸ್ಪಷ್ಟವಾಗಿ ಕಂಡವು.

ಇದನ್ನೆಲ್ಲ ಮೊನ್ನೆ ಸುಧಾಳಿಗೆ ಹೇಳಿದೆ. ಅವಳಿಗೆ ಈಗ ತಲೆಯಲ್ಲಿ ಬಿಳಿ ಎಳೆಗಳಿವೆ. ತನಗಿಂತ ಮೊದಲು ಇಬ್ಬರಿದ್ದರೆಂಬುದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. "ಹಂಗಾದ್ರ ನಂದು ಇದು," ಎಂದು ದೊರೆಯನ್ನು ಎತ್ತಿ ಅಂಗೈಯಲ್ಲಿ ತೂಗಿದಳು. ಆಮೇಲೆ ಒಂದೇ ಅಚ್ಚಿನ ಆ ಮೂರರ ಮೇಲೆ ಬೆರಳಾಡಿಸಿದಳು. "ಅವರವು ಯಾವು, ಮಾಮಾ?"

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಮೂರೂ ಒಂದೇ ಸಮನೆ ಹೊಳೆಯುತ್ತಿದ್ದವು. ಭಾವನ ಕೈಗೆ ಮಾತ್ರ ಗೊತ್ತಿದ್ದದ್ದು ಆ ಕೈಯೊಡನೆಯೇ ಹೋಗಿತ್ತು. "ಗೊತ್ತಿಲ್ಲಮ್ಮಾ," ಎಂದೆ. ಅವಳು ಎಣ್ಣೆ ತರಿಸಿ ಮೂರನ್ನೂ ಒಂದೇ ನಿಧಾನದಿಂದ ಒರೆಸಿ, ಇದ್ದ ಹಾಗೆಯೇ ಇಟ್ಟಳು. ಅವುಗಳಲ್ಲಿ ಒಂದರ ಹಿಡಿ ವಿರುದ್ಧ ದಿಕ್ಕಿಗೆ ತಿರುಗಿತ್ತು. ಒಂದು ವರ್ಷದಿಂದ ಪಾಳಿಗೆ ಕಾದು ಮಲಗಿತ್ತು.

ಕೈ ನಡುಗತೊಡಗಿದ ಮೇಲೆ ನಾನು ಸ್ವತಃ ಕ್ಷೌರ ಮಾಡಿಕೊಳ್ಳುವುದನ್ನು ಬಿಟ್ಟಿದ್ದೇನೆ. ಆದರೂ ಅದರ ಪಾಳಿಗೆ ನನ್ನ ಮುಖವೊಂದಿದೆಯಲ್ಲ ಎನ್ನಿಸಿ, ಪಕ್ಕಕ್ಕಿಟ್ಟಿದ್ದ ಪಂಚಾಂಗವನ್ನು ಮತ್ತೆ ತೆರೆದೆ. ನಾಳೆ ಶುಕ್ರವಾರ, ನಾಡಿದ್ದು ಶನಿವಾರ, ಭಾನುವಾರ ಏಕಾದಶಿ.

"ಸೋಮವಾರ ಅಡ್ಡಿಯಿಲ್ಲ," ಎಂದೆ.

ಸುಧಾ ಮುಚ್ಚಳ ಹಾಕಿದಳು. "ಆತು ಮಾಮಾ. ಸೋಮವಾರ ನಾ ಬಂದು ಬಿಸಿನೀರು ಕಾಸ್ತೀನಿ."